ನೀರಿನ ಹದ ಬಲ್ಲ ಮೇಣದ ಮೇಷ್ಟ್ರು

ಮೊದಲ ದಿನವೇ ನಾನು ಮೇಷ್ಟ್ರ ಬೆಳಗಿನ ಕೆಲಸವನ್ನು ಬಚ್ಚಲಿಗೆ ಚೆಲ್ಲಿದೆ.

ಆಸ್ಪತ್ರೆಯ ಹಿಂಭಾಗದಲ್ಲಿ ಎಂಟು ಮೆಟ್ಟಿಲು ಇಳಿದರೆ ಸಿಗುವ ಉದ್ದನೆಯ ಕೋಣೆ ಅದು. ಆಪರೇಷನ್ನಿನಲ್ಲಿ ತೆಗೆದ ಚೂರುಗಳನ್ನು ಪರೀಕ್ಷೆಗೆ ಸಿದ್ಧ ಮಾಡುವ ಜಾಗ. ಗುಡಿಸಿ ಒರೆಸುವ ಕೆಲಸಕ್ಕೆ ನನ್ನನ್ನು ಅಲ್ಲಿಗೆ ಹಾಕಿದ್ದರು. ನನಗೆ ಆಗ ನಲವತ್ತೇಳು. ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು. ಕಿಟಕಿ ಪಕ್ಕದ ಮೇಜಿನ ಮೇಲೆ ಕಪ್ಪು ಬಣ್ಣದ ಅಗಲ ಪಾತ್ರೆ, ಅದರಲ್ಲಿ ಬಿಸಿನೀರು, ನೀರಿನ ಮೇಲೆ ಹಾಲಿನ ಕೆನೆಯಂಥದ್ದು ತೇಲುತ್ತಿತ್ತು. ಯಾರೋ ಕೈ ತೊಳೆದು ಹಾಗೇ ಬಿಟ್ಟುಹೋಗಿದ್ದಾರೆ ಅಂದುಕೊಂಡೆ. ವಯರು ಬಿಡಿಸಿ, ನೀರು ಚೆಲ್ಲಿ, ಪಾತ್ರೆ ಉಜ್ಜಿ, ಬೋರಲು ಹಾಕಿ ತಿರುಗಿದರೆ ಬಾಗಿಲಲ್ಲಿ ಒಬ್ಬರು ನಿಂತಿದ್ದಾರೆ. ಸಣ್ಣ ಆಳು. ಬಿಳಿ ಕೋಟು, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ತೆಳುವಾದ ಕುಂಚ.

ಅವರು ಪಾತ್ರೆಯನ್ನು ನೋಡಿದರು, ಬಚ್ಚಲನ್ನು ನೋಡಿದರು, ನನ್ನನ್ನು ನೋಡಿದರು.

“ಅಕ್ಕ, ಅದರಲ್ಲಿ ಒಬ್ಬರು ಇದ್ರು,” ಅಂದರು.

ಪೊರಕೆ ಕೈಜಾರಿತು. ನಾನು ನಿಜಕ್ಕೂ ಹೆದರಿದೆನೆಂದು ಗೊತ್ತಾದ ಮೇಲೆ ಅವರೇ ಸ್ಟೂಲು ಎಳೆದು ಕೂರಿಸಿದರು. ಬೈಯಲಿಲ್ಲ. ಚೆಲ್ಲಿಹೋದದ್ದನ್ನು ಮತ್ತೆ ಕೊಯ್ಯಬಹುದು, ಮೂಲ ಚೂರು ಮೇಣದೊಳಗೆ ಭದ್ರವಾಗಿದೆ ಎಂದು ಹೇಳಿ, ಮತ್ತೆ ಮಾಡುವುದನ್ನು ನನಗೆ ತೋರಿಸಿದರು.

ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಅಚ್ಚು ಹಾಕುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಅಚ್ಚು. ಅದನ್ನು ಐಸಿನ ಮೇಲೆ ಬೋರಲಾಗಿಟ್ಟು ತಣ್ಣಗೆ ಮಾಡುತ್ತಾರೆ. ಆಮೇಲೆ ಚಕ್ರವಿರುವ ಯಂತ್ರಕ್ಕೆ ಸಿಕ್ಕಿಸಿ, ಬ್ಲೇಡಿನ ಮುಂದೆ ಚಕ್ರ ತಿರುಗಿಸಿದರೆ ಮೇಣ ಪಟ್ಟಿಪಟ್ಟಿಯಾಗಿ ಬರುತ್ತದೆ. ಒಂದು ಕೂದಲನ್ನು ಇಪ್ಪತ್ತಾಗಿ ಸೀಳಿದರೆ ಎಷ್ಟು ತೆಳುವೋ ಅಷ್ಟು ತೆಳು. ಅಚ್ಚು ಒಣಗಿದಂತೆ ಕಂಡರೆ ಮೇಷ್ಟ್ರು ಅದರ ಮೇಲೆ ಕನ್ನಡಿಗೆ ಊದುವ ಹಾಗೆ ಒಮ್ಮೆ “ಹಾ” ಎಂದು ಊದುತ್ತಿದ್ದರು. ಪಟ್ಟಿಯನ್ನು ಕುಂಚದ ತುದಿಯಲ್ಲಿ ಎತ್ತಿ ಬಿಸಿನೀರಿನ ಮೇಲೆ ಬಿಟ್ಟರೆ ಅದರ ಸುಕ್ಕೆಲ್ಲ ಬಿಚ್ಚಿಕೊಂಡು ನೆಟ್ಟಗಾಗುತ್ತದೆ. ಕೆಳಗಿನಿಂದ ಗಾಜಿನ ಪಟ್ಟಿ ತಂದು ಮೇಲೆತ್ತಿದರೆ ಗಾಜಿಗೆ ಅಂಟಿಕೊಳ್ಳುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದ, ನನ್ನ ಬಾಯಲ್ಲಿ ದುರ್ಬೀನಿನ, ಕೆಳಗೆ ನೋಡುವುದು ಆಮೇಲಿನ ಮಾತು.

ಎಲ್ಲ ನಿಂತಿರುವುದು ನೀರಿನ ಹದದ ಮೇಲೆ. ಬಿಸಿ ಹೆಚ್ಚಾದರೆ ಚೂರು ಹಿಂಜಿ ಹರಡಿಹೋಗುತ್ತದೆ. ಕಡಿಮೆಯಾದರೆ ಸುಕ್ಕು ಉಳಿಯುತ್ತದೆ. ಪಾತ್ರೆಗೆ ಬಿಸಿ ತೋರಿಸುವ ಮುಳ್ಳು ಇತ್ತು. ಮೇಷ್ಟ್ರು ಅದನ್ನು ನಂಬುತ್ತಿರಲಿಲ್ಲ. ಬಲಗೈ ಉಂಗುರದ ಬೆರಳನ್ನು ನೀರಿಗೆ ಅದ್ದಿ, ಕಣ್ಣು ಮುಚ್ಚಿ, ಮೂರು ಎಣಿಸುವಷ್ಟು ಹೊತ್ತು ಇದ್ದು, “ಹ್ಞೂಂ, ಹದವಾಗಿದೆ” ಎನ್ನುತ್ತಿದ್ದರು. ಆಮೇಲೇ ಕೆಲಸ ಶುರು.

ಅವರಲ್ಲಿ ಕಲಿತು ಹೋದವರು ಎಷ್ಟೋ ಆಸ್ಪತ್ರೆಗಳಲ್ಲಿದ್ದರು. ಮೇಣದ ಮೇಷ್ಟ್ರು ಎಂಬ ಹೆಸರು ಆ ಶಿಷ್ಯರಿಟ್ಟದ್ದು. ಆ ಹೊತ್ತಿಗೆ ಮೇಷ್ಟ್ರಿಗೆ ನಲವತ್ತೂ ತುಂಬಿರಲಿಲ್ಲ, ತಲೆ ಮಾತ್ರ ಅರ್ಧ ಬೋಳು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಕೂದಲು ಕತ್ತರಿಸುವ ಅಂಗಡಿಯಲ್ಲಿ ಆಗತಾನೆ ಕೆಲಸ ಕಲಿಯುತ್ತಿದ್ದಳು. ಮನೆಯಲ್ಲಿ ಇಬ್ಬರೂ ಕತ್ತರಿಸುವವರೇ, ಅಂಟಿಸುವವರು ಯಾರೂ ಇಲ್ಲ ಎಂದು ಮೇಷ್ಟ್ರು ನಗುತ್ತಿದ್ದರು. ತನ್ನ ಬೋಳುತಲೆಯಿಂದ ಮಗಳ ಕಸುಬಿಗೆ ಅವಮಾನ ಎಂದೂ ಹೇಳುತ್ತಿದ್ದರು. ಅಚ್ಚುಗಳನ್ನು ಅವರು ಕೇಸು ಎನ್ನುತ್ತಿರಲಿಲ್ಲ, ಜನ ಎನ್ನುತ್ತಿದ್ದರು. “ಇವತ್ತು ಅರವತ್ತು ಜನ ಅಕ್ಕ.” ಐಸಿನ ಮೇಲೆ ಇಡುವಾಗ, ಸ್ವಲ್ಪ ತಣ್ಣಗಾಗಿ ಯಜಮಾನ್ರೇ, ನಿಮ್ಮದೇ ಮುಂದಿನ ಸರದಿ ಎಂದು ಮೆಲ್ಲಗೆ ಮಾತಾಡಿಸುತ್ತಿದ್ದರು.

ನೀರು ಚೆಲ್ಲಿದ ತಪ್ಪಿಗೆ ನನಗೊಂದು ಕೆಲಸ ಸಿಕ್ಕಿತು. ಒಬ್ಬರದನ್ನು ಎತ್ತಿದ ಮೇಲೆ ಅವರ ಎಳೆಯೇನಾದರೂ ನೀರಿನಲ್ಲಿ ಉಳಿದು, ಮುಂದಿನವರ ಗಾಜಿಗೆ ಹತ್ತಿದರೆ, ಇಲ್ಲದವರಿಗೆ ರೋಗವಿದೆ ಎಂದಾಗುತ್ತದೆ. ಅದಕ್ಕೆ ಪ್ರತಿ ಸಲವೂ ನೀರಿನ ಮೈಯನ್ನು ಕಾಗದದಿಂದ ಎಳೆದು ಒರೆಸಬೇಕು. ಗುಡಿಸುವುದು ಮುಗಿದ ಮೇಲೆ ಅವರ ಪಕ್ಕ ನಿಂತು ಅದನ್ನು ನಾನು ಮಾಡುತ್ತಿದ್ದೆ. ಒಂದು ದಿನಕ್ಕೂ ಒಂದು ಎಳೆ ಬಿಟ್ಟವಳಲ್ಲ. ಗಾಜುಗಳನ್ನು ಸಂಖ್ಯೆ ನೋಡಿ ತಟ್ಟೆಗಳಲ್ಲಿ ಜೋಡಿಸುವುದೂ ನನಗೇ ಬಂತು. ಅಂಕಿ ನನಗೆ ಬರುತ್ತಿತ್ತು. ಅಕ್ಷರ ಬರುತ್ತಿರಲಿಲ್ಲ.

ಹೀಗೆ ಹದಿಮೂರು ವರ್ಷ ಕಳೆಯಿತು.

ಮೇಲಿನ ಮಹಡಿಯ ದೊಡ್ಡ ಡಾಕ್ಟ್ರಮ್ಮ ಒಂದು ವಿಷಯದ ಬೆನ್ನು ಹತ್ತಿದ್ದರು. ದೊಡ್ಡ ಕರುಳಿನ ಕ್ಯಾನ್ಸರು ಕೆಲವರಲ್ಲಿ ಇದ್ದಲ್ಲೇ ಇದ್ದು ಆಪರೇಷನ್ನಿಗೆ ಮುಗಿಯುತ್ತದೆ, ಕೆಲವರಲ್ಲಿ ಯಕೃತ್ತಿಗೆ ಹೋಗಿ ಕೂರುತ್ತದೆ, ಯಾಕೆ ಹೀಗೆ ಎಂಬುದು. ನಮ್ಮ ಮೈಯಲ್ಲಿ ಕಾವಲಿನ ಕೋಶಗಳು ಎಂಬುವು ಇವೆಯಂತೆ. ಬೇರೆ ಯಾರಾದರೂ ಒಳಗೆ ನುಗ್ಗಿದರೆ, ಅಥವಾ ನಮ್ಮದೇ ಕೋಶ ಕೆಟ್ಟರೆ, ಹಿಡಿದು ಕೊಲ್ಲುತ್ತವಂತೆ. ಅವು ಕಾಣಲೆಂದು ಗಾಜಿಗೆ ಒಂದು ಬಣ್ಣ ಹಾಕುತ್ತಿದ್ದರು. ಕಾವಲಿನವು ಇದ್ದಲ್ಲಿ ಮಾತ್ರ ಕಂದು ಬಣ್ಣ, ಉಳಿದದ್ದೆಲ್ಲ ತಿಳಿನೀಲಿ.

ಒಂದು ದಿನ ಒಬ್ಬ ಬಸ್ ಡ್ರೈವರನ ಗಾಜು ನೋಡಿ ಡಾಕ್ಟ್ರಮ್ಮ ಕೆಳಗೇ ಇಳಿದು ಬಂದರು. ಮೇಷ್ಟ್ರು ನನ್ನನ್ನೂ ದುರ್ಬೀನಿಗೆ ಕಣ್ಣಿಡಿಸಿದರು. ಗಡ್ಡೆಯ ಅಂಚಿನುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕೆ. ಕಾವಲಿನವರು ಸುತ್ತುಗಟ್ಟಿದ್ದಾರೆ, ಈ ಮನುಷ್ಯ ಇನ್ನೂ ಬಹಳ ವರ್ಷ ಬಸ್ಸು ಓಡಿಸಬಹುದು ಎಂದು ಡಾಕ್ಟ್ರಮ್ಮ ನಕ್ಕರು. ಕಂದು ಕಂಡರೆ ಒಳ್ಳೆಯದು ಎಂದು ನಾನು ಅವತ್ತು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಮೇಷ್ಟ್ರು ನನ್ನನ್ನು ರೇಗಿಸಲು ಇನ್ನೊಂದು ಮಾತು ಹೇಳಿದರು. “ಮೈಯೊಳಗೆ ಕಾವಲಿನವರು ಮಾತ್ರ ಅಲ್ಲ ಅಕ್ಕ, ನಿಮ್ಮ ಕಡೆಯವರೂ ಇದ್ದಾರೆ. ಗುಡಿಸೋರು. ಸತ್ತಿದ್ದು ಕೊಳೆತಿದ್ದು ಎಲ್ಲ ತಿಂದು ಜಾಗ ಶುದ್ಧ ಮಾಡ್ತಾರೆ. ಅವರಿಲ್ಲದಿದ್ರೆ ಗಾಯಾನೇ ಮಾಯಲ್ಲ.” ನನಗೆ ಆ ದಿನವೆಲ್ಲ ಹಿಗ್ಗು. ಪೊರಕೆ ಹಿಡಿದವಳ ಬಗ್ಗೆ ಯಾರು ಅಂಥ ಮಾತಾಡುತ್ತಾರೆ?

ಆ ವರ್ಷವೇ ಮೇಷ್ಟ್ರ ಕೋಟು ಹೆಗಲಿನಲ್ಲಿ ಜೋಲತೊಡಗಿತು. ಕೇಳಿದರೆ ಕೋಟು ಬೆಳೆಯುತ್ತಿದೆ ಎಂದರು. ಸಾವಿರಾರು ಜನರ ಕರುಳು ಕೊಯ್ದವರು ತಮ್ಮ ಕರುಳಿನಿಂದ ರಕ್ತ ಹೋಗುವುದನ್ನು ನಾಲ್ಕು ತಿಂಗಳು ಮುಚ್ಚಿಟ್ಟಿದ್ದರು. ಕೊನೆಗೆ ಮಗಳೇ ಕೈ ಹಿಡಿದು ಎಳೆದುಕೊಂಡು ಬಂದಳು. ಆಪರೇಷನ್ ಆಯಿತು. ಅವರ ಚೂರೂ ಮೇಣದ ಅಚ್ಚಾಗಿ ಅದೇ ಐಸಿನ ಮೇಲೆ ಬಂದು ಕೂತಿತು. ಅದರ ಸಂಖ್ಯೆ ನಾನೂರ ಹದಿನೆಂಟು. ಅದನ್ನು ಕೊಯ್ದದ್ದು ಅವರಲ್ಲೇ ಕಲಿತ ಒಬ್ಬ. ನಾನು ನೀರಿನ ಮೈಯನ್ನು ಒಂದರ ಬದಲು ಮೂರು ಸಲ ಒರೆಸಿದೆ.

ಗಡ್ಡೆಯನ್ನು ಪೂರ್ತಿ ತೆಗೆದಿದ್ದರು. ಸುತ್ತಲಿನ ದುಗ್ಧರಸದ ಗಂಟುಗಳಿಗೆ ಹರಡಿರಲಿಲ್ಲ, ಆದರೆ ಕರುಳಿನ ಗೋಡೆಯ ಹೊರಗಿನ ಪದರ ಮುಟ್ಟಿತ್ತು. ಹದಿನೈದು ದಿನಕ್ಕೊಂದರಂತೆ ಹನ್ನೆರಡು ಸಲ ಡ್ರಿಪ್ಪಿನಲ್ಲಿ ಔಷಧಿ ತೆಗೆದುಕೊಂಡರೆ, ಕಣ್ಣಿಗೆ ಕಾಣದೆ ಉಳಿದದ್ದೇನಾದರೂ ಇದ್ದರೆ ಅದು ಸಾಯಬಹುದು. ತೆಗೆದುಕೊಳ್ಳದಿದ್ದರೂ ಏನೂ ಆಗದೆ ಇರಬಹುದು. ಈ ಹಂತದಲ್ಲಿ ಒತ್ತಾಯ ಮಾಡುವುದಿಲ್ಲ, ಒಂದು ತಿಂಗಳಲ್ಲಿ ಯೋಚಿಸಿ ಹೇಳಿ ಎಂದಿದ್ದರು ಔಷಧಿಯ ಡಾಕ್ಟರು.

ಮೇಷ್ಟ್ರು ಬೇಡವೆಂದು ಕೂತರು. ಆ ಔಷಧಿ ಬೆರಳ ತುದಿಯ ನರಗಳನ್ನು ಹಿಡಿಯುತ್ತದೆ. ತಣ್ಣಗಿನದನ್ನು ಮುಟ್ಟಿದರೆ ಕರೆಂಟು ಹೊಡೆದ ಹಾಗಾಗುತ್ತದೆ. ಹಲವರಿಗೆ ಬೆರಳಿನ ಜೋಮು ಆಮೇಲೂ ಬಿಡುವುದಿಲ್ಲ. ದಿನವೆಲ್ಲ ಐಸು ಮುಟ್ಟಿ, ಬಿಸಿನೀರಿನ ಹದ ನೋಡಿ, ಕೂದಲಿನ ಇಪ್ಪತ್ತನೇ ಪಾಲನ್ನು ಕುಂಚದಲ್ಲಿ ಎತ್ತುವ ಬೆರಳು ಅದು. ಬೆರಳು ಹೋದ ಮೇಲೆ ತಾನು ಆ ಕೋಣೆಗೆ ಹೋಗಿ ಮಾಡುವುದೇನು ಎಂಬುದು ಅವರ ವಾದ.

ಮಗಳು ಕೋಣೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಅಂಗಡಿಯಿಂದ ಹಾಗೇ ಬಂದಿದ್ದಳು, ಬಟ್ಟೆಯ ಮೇಲೆ ಯಾರ್‍ಯಾರದೋ ಕೂದಲು.

“ದೊಡ್ಡಮ್ಮ, ನೀವು ಹೇಳಿದ್ರೆ ಕೇಳ್ತಾರೆ. ನನಗೆ ಅಪ್ಪ ಬೇಕು, ಅವರ ಬೆರಳು ಕಟ್ಕೊಂಡು ನಾನೇನು ಮಾಡ್ಲಿ?”

ಹೇಳುತ್ತೇನೆ ಎಂದೆ. ಎರಡು ಸಲ ಹೋದೆ. ಎರಡು ಸಲವೂ ಅವರ ಕೈ ನೋಡಿ, ಬೇರೇನೋ ಮಾತಾಡಿ ಬಂದೆ.

ತಿಂಗಳು ಮುಗಿಯಲು ಐದು ದಿನ ಇತ್ತು. ಮೇಲಿನ ಮಹಡಿಯಲ್ಲಿ ಡಾಕ್ಟ್ರಮ್ಮನ ಮೇಜು ಒರೆಸುತ್ತಿದ್ದೆ. ಅವರು ಊಟಕ್ಕೆ ಹೋಗಿದ್ದರು. ದುರ್ಬೀನಿನ ಕೆಳಗೆ ಗಾಜು ಹಾಗೇ ಇತ್ತು, ದೀಪವೂ ಉರಿಯುತ್ತಿತ್ತು. ಗಾಜಿನ ತುದಿಯ ಸಂಖ್ಯೆ ನಾನೂರ ಹದಿನೆಂಟು. ನೋಡಬಾರದು ಎಂದು ಗೊತ್ತಿತ್ತು. ನೋಡಿದೆ. ಕಂದು, ಎಲ್ಲಿ ನೋಡಿದರೂ ಕಂದು. ಬಸ್ ಡ್ರೈವರನದಕ್ಕಿಂತ ಹೆಚ್ಚು. ಸಂಖ್ಯೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಅಕ್ಷರವಿತ್ತು. ಅದು ನನಗೆ ಗೋಡೆಯ ಮೇಲಿನ ಗೀರಿನಷ್ಟೇ.

ಅವತ್ತು ಕೆಲಸ ಬಿಟ್ಟವಳು ಮನೆಗೆ ಹೋಗದೆ ನೇರ ಮೇಷ್ಟ್ರ ಮನೆಯ ಬಸ್ಸು ಹತ್ತಿದೆ. ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು, ಮೊಣಕಾಲ ಮೇಲೆ ಟವಲು. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದೆ.

“ಮೇಷ್ಟ್ರೇ, ಕಣ್ಣಾರೆ ನೋಡಿ ಬಂದೆ. ನಿಮ್ಮ ಗಾಜಿನ ತುಂಬ ಕಾವಲಿನವರೇ. ಕಾಲಿಡಕ್ಕೆ ಜಾಗ ಇಲ್ಲ.”

ಅವರ ಮುಖ ಅರಳಿತು. ಹದಿಮೂರು ವರ್ಷದಲ್ಲಿ ಅಂಥ ಮುಖ ನಾನು ನೋಡಿರಲಿಲ್ಲ. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ, ಕೆಲಸದವರ ಅಭ್ಯಾಸ, ಕೇಳಿದರು: “ಹೇಗಿದ್ರು ಹೇಳಿ. ಸಾಸಿವೆ ಥರಾನಾ?”

ಕಂಡದ್ದನ್ನು ಕಂಡ ಹಾಗೆ ಹೇಳುವವಳು ನಾನು. ಸಾಸಿವೆಯಲ್ಲ, ಅದಕ್ಕಿಂತ ದೊಡ್ಡವು ಎಂದೆ. ದುಂಡಗಿಲ್ಲ, ನೆಲದ ಮೇಲೆ ಟೀ ಚೆಲ್ಲಿದರೆ ಹೇಗೆ ಅಂಚು ಹರಿಯುತ್ತದೋ ಹಾಗೆ, ಒಂದೊಂದಕ್ಕೂ ಕಾಲು ಚಾಚಿದಂತಿದೆ ಎಂದೆ. ಅಂಚಿನಲ್ಲಿ ಸಾಲಾಗಿ ನಿಂತಿಲ್ಲ, ಗಡ್ಡೆಯ ಸಂದಿಯಲ್ಲೆಲ್ಲ, ಸಣ್ಣ ಸಣ್ಣ ರಕ್ತನಾಳದ ಸುತ್ತ ಗುಂಪು ಕೂತಿವೆ ಎಂದೂ ಹೇಳಿದೆ.

ಮೇಷ್ಟ್ರು ಟವಲನ್ನು ನಾಲ್ಕಾಗಿ ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು.

“ಒಳ್ಳೆ ಸುದ್ದಿ ತಂದ್ರಿ ಅಕ್ಕ. ಕೂತ್ಕೊಳ್ಳಿ, ಟೀ ಕುಡಿದು ಹೋಗಿ,” ಅಂದರು. ಆಮೇಲೆ ಮಗಳನ್ನು ಕರೆದು, ನಾಳೆ ಡಾಕ್ಟರ ಹತ್ತಿರ ಹೋಗೋಣ, ಡ್ರಿಪ್ಪು ಹಾಕಿಸಿಕೊಳ್ಳುತ್ತೇನೆ ಎಂದರು.

ಮಗಳು ಬೆಪ್ಪಾಗಿ ನಿಂತಳು. ನಾನೂ. ಒಳ್ಳೆಯ ಸುದ್ದಿ ಕೇಳಿದ ಮೇಲೆ ಔಷಧಿ ಯಾಕೆ ಎಂದು ಕೇಳಿದೆ. ಕಾವಲಿನವರು ಅಷ್ಟು ಕಷ್ಟಪಡುವಾಗ ತಾನು ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ನಕ್ಕರು. ನನ್ನ ಮಾತಿನಿಂದ ಅವರಿಗೆ ಧೈರ್ಯ ಬಂತು ಎಂದುಕೊಂಡು, ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದೆ.

ಹನ್ನೆರಡು ಡ್ರಿಪ್ಪೂ ಮುಗಿದವು. ಹೆದರಿದ್ದಂತೆಯೇ ಬೆರಳು ಹೋಯಿತು. ಅಂಗಿಯ ಗುಂಡಿ ಮಗಳೇ ಹಾಕಬೇಕು, ತಣ್ಣೀರಿನ ಲೋಟ ಮುಟ್ಟುವಂತಿಲ್ಲ. ಆದರೂ ಏಳನೇ ತಿಂಗಳಿಗೆ ಕೈಗೆ ಉಣ್ಣೆಯ ಗವಸು ಹಾಕಿಕೊಂಡು ಕೋಣೆಗೆ ಬಂದರು. ಚಕ್ರ ತಿರುಗಿಸುವುದು ತೋಳಿನ ಕೆಲಸ, ಅದು ಬರುತ್ತಿತ್ತು. ಐಸಿನ ಮೇಲೆ ಜನರನ್ನು ಜೋಡಿಸುವುದು ನನ್ನ ಪಾಲಿಗೆ ಬಂತು. ಕುಂಚವನ್ನು ಅವರು ಬೆರಳಿನ ಬದಲು ಕಣ್ಣಿನಿಂದ ಹಿಡಿದರು. ಎಷ್ಟು ಬಿಗಿ ಹಿಡಿದಿದ್ದೇನೆ ಎಂದು ನೋಡಿ ನೋಡಿ ಕಲಿತರು. ನೀರಿನದೊಂದು ಆಗಲಿಲ್ಲ. ಮೊದಲ ದಿನ ಹಳೆಯ ಅಭ್ಯಾಸದಲ್ಲಿ ಗವಸು ತೆಗೆದು ಉಂಗುರದ ಬೆರಳು ಅದ್ದಿದರು, ಕಣ್ಣು ಮುಚ್ಚಿದರು, ಮೂರಾಯಿತು, ಹತ್ತಾಯಿತು. ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. ನಾನು ನನ್ನ ಬೆರಳು ಅದ್ದಿದೆ. ಪಾತ್ರೆ ತೊಳೆದು ದಪ್ಪಗಾದ ಬೆರಳು, ಅದಕ್ಕೇನು ಗೊತ್ತಾಗುತ್ತದೆ ಎಂದೆ. ಗೊತ್ತಾಗುವವರೆಗೆ ಅದ್ದಿ ಎಂದರು. ಮುಳ್ಳು ನೋಡಲು ಬಿಡಲಿಲ್ಲ. ಹತ್ತು ದಿನದಲ್ಲಿ ನನಗೆ ಹದ ಸಿಕ್ಕಿತು. ಅಲ್ಲಿಂದ ಪ್ರತಿ ಬೆಳಿಗ್ಗೆ ಅವರು ಕೇಳುವುದು, ನಾನು ಹೇಳುವುದು.

ಮಾರನೆಯ ವರ್ಷ ಡಾಕ್ಟ್ರಮ್ಮನ ಗಾಜುಗಳನ್ನು ಎರಡು ಪಾಲು ಮಾಡಿ ಇಡಬೇಕಾಯಿತು. ಒಬ್ಬೊಬ್ಬರದು ಎರಡೆರಡು ಗಾಜು, ಸಂಖ್ಯೆ ಒಂದೇ, ಬೇರೆಯಾಗುವುದು ಅಕ್ಷರ ಮಾತ್ರ. ಅದಕ್ಕಾಗಿ ಮೇಷ್ಟ್ರು ನನಗೆ ಎರಡು ಅಕ್ಷರ ಕಲಿಸಿದರು. ‘ಕ’ ಎಂದರೆ ಕಾವಲಿನವರಿಗೆ ಬಣ್ಣ ಹಾಕಿದ್ದು. ‘ಗ’ ಎಂದರೆ ಗುಡಿಸುವವರಿಗೆ. ಬಣ್ಣ ಎರಡಕ್ಕೂ ಕಂದೇ. ಮೇಣದ ಹಲಗೆಯ ಮೇಲೆ ಸೂಜಿಯಿಂದ ಬರೆದು ತೋರಿಸಿದರು. ನಾನು ಮೂರು ದಿನ ಜೋಡಿಸುತ್ತ ಹೋದೆ. ನಾಲ್ಕನೇ ದಿನ ನಾನೂರ ಹದಿನೆಂಟು ಕೈಗೆ ಬಂತು. ‘ಕ’ ಗಾಜನ್ನು ಬೆಳಕಿಗೆ ಹಿಡಿದೆ. ಹೆಚ್ಚುಕಡಿಮೆ ಬರೀ ನೀಲಿ. ‘ಗ’ ಗಾಜನ್ನು ಹಿಡಿದೆ. ಟೀ ಬಣ್ಣ. ಅವತ್ತು ಡಾಕ್ಟ್ರಮ್ಮನ ಮೇಜಿನ ಮೇಲೆ ನಾನು ಓದಲಾರದ ಗೀರು ಇದೇ.

ಗಾಜು ಕೆಳಗಿಟ್ಟು ಡಾಕ್ಟ್ರಮ್ಮನ ಹತ್ತಿರ ಹೋಗಿ ಕೇಳಿದೆ. ಗುಡಿಸುವವರು ತುಂಬಿದ್ದರೆ ಅದು ಒಳ್ಳೆಯದಲ್ಲವೇ ಎಂದು. ಅವರು ನನ್ನ ಮುಖ ನೋಡದೆ, ಸಾಮಾನ್ಯ ಸಂಗತಿ ಹೇಳುವಂತೆ ಹೇಳಿದರು. ಗಡ್ಡೆಯ ಒಳಗೆ ಗುಡಿಸುವವರ ಬುದ್ಧಿ ಎಷ್ಟೋ ಸಲ ತಿರುಗುತ್ತದೆ. ಅವರೇ ಹೊಸ ರಕ್ತನಾಳ ತರಿಸುತ್ತಾರೆ, ಅಕ್ಕಪಕ್ಕದ ಗೋಡೆ ಸಡಿಲಿಸುತ್ತಾರೆ, ಕೆಟ್ಟ ಕೋಶವನ್ನು ಜೊತೆಯಲ್ಲಿ ನಡೆಸಿಕೊಂಡು ಹೋಗಿ ರಕ್ತನಾಳದ ಬಾಗಿಲು ತೋರಿಸುತ್ತಾರೆ. ಅಲ್ಲಿಂದ ಅದು ಯಕೃತ್ತಿಗೆ ಹೋಗುತ್ತದೆ. ಎಲ್ಲರಲ್ಲೂ ಹೀಗೇ ಆಗುತ್ತದೆಂದಲ್ಲ, ಒಂದು ಗಾಜು ನೋಡಿ ಒಬ್ಬರ ಆಯುಸ್ಸು ಹೇಳಲಾಗದು ಎಂದೂ ಸೇರಿಸಿದರು.

ಮೆಟ್ಟಿಲು ಇಳಿದು ಬಂದೆ. ಮೇಷ್ಟ್ರು ಚಕ್ರದ ಮುಂದೆ ಕೂತಿದ್ದರು.

“ಅವತ್ತು ನಾನು ನಿಮಗೆ ಸುಳ್ಳು ಹೇಳ್ದೆ ಮೇಷ್ಟ್ರೇ.”

ಅವರಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. ಚಕ್ರ ನಿಲ್ಲಿಸಿದರು.

“ಸುಳ್ಳಲ್ಲ. ನೀವು ಹೇಳಿದ್ದೆಲ್ಲ ಸರಿಯಾಗೇ ಇತ್ತು, ಅರ್ಥ ಮಾತ್ರ ತಪ್ಪಿತ್ತು. ಕಾಲು ಚಾಚಿಕೊಂಡಿವೆ ಅಂದ್ರಲ್ಲ, ಆಗ್ಲೇ ಗುಡಿಸೋರು ಅಂತ ಗೊತ್ತಾಯ್ತು. ಅಷ್ಟು ಚೆನ್ನಾಗಿ ಬೇರೆ ಯಾರೂ ಹೇಳ್ತಿರಲಿಲ್ಲ. ‘ತುಂಬ ಕಂದು ಇದೆ’ ಅಂತ ಇನ್ಯಾರಾದ್ರೂ ಹೇಳಿ ಹೋಗಿದ್ರೆ ನಾನು ನಂಬಿ ಸುಮ್ನೆ ಮನೇಲಿರ್ತಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಅಷ್ಟು ಸಂತೋಷದಿಂದ ಬಂದಿದ್ರಿ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ ನೀವು,” ಅಂದರು.

ನಾನು ಪೊರಕೆ ಎತ್ತಿಕೊಂಡೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ಕೊನೆಗೆ ತಡೆಯಲಾರದೆ, ಹಾಗಾದರೆ ನನ್ನ ಕಡೆಯವರೇ ನಿಮ್ಮ ಮನೆ ಬಾಗಿಲು ತೆಗೆದರಲ್ಲ ಎಂದೆ.

ಮೇಷ್ಟ್ರು ಗವಸಿನ ಕೈಯಿಂದ ಸ್ಟೂಲು ಎಳೆದು, ಮೊದಲ ದಿನದ ಹಾಗೇ ನನ್ನನ್ನು ಕೂರಿಸಿದರು. ಗಡ್ಡೆ ಬಹಳ ನಾಟಕದ್ದು ಎಂದರು. ನಾನೊಂದು ಗಾಯ, ಮಾಯಬೇಕಾಗಿದೆ, ಬನ್ನಿ ಎಂದು ಕೂಗುತ್ತದೆ. ಗುಡಿಸುವವರಿಗೆ ಗಾಯ ಎಂದರೆ ಕರುಳು ಕರಗುತ್ತದೆ, ಓಡಿ ಬರುತ್ತಾರೆ, ಗಾಯಕ್ಕೆ ಏನು ಮಾಡಬೇಕೋ ಅದನ್ನೇ ಮಾಡುತ್ತಾರೆ. ರಕ್ತ ತರಿಸುತ್ತಾರೆ, ದಾರಿ ಬಿಡಿಸುತ್ತಾರೆ.

“ಅವರೇನು ಕೆಟ್ಟೋರಲ್ಲ ಅಕ್ಕ. ಯಾರೂ ಅವರಿಗೆ ಸರಿಯಾಗಿ ಓದಿ ಹೇಳಿಲ್ಲ, ಅಷ್ಟೆ.”

ಮಾರನೆಯ ದಿನದಿಂದ ಮಧ್ಯಾಹ್ನ ಊಟವಾದ ಮೇಲೆ ದಿನಕ್ಕೆ ಒಂದೊಂದು ಅಕ್ಷರ ಕಲಿಸಿದರು. ಸೂಜಿ ಹಿಡಿಯಲು ಅವರ ಬೆರಳು ಕೇಳುತ್ತಿರಲಿಲ್ಲ, ಅಕ್ಷರ ಸೊಟ್ಟಗಾಗುತ್ತಿತ್ತು. ನಾನು ಆ ಸೊಟ್ಟವನ್ನೇ ಕಲಿತೆ. ಈಗಲೂ ನನ್ನ ‘ಳ’ ನೋಡಿದವರು ಇದೇನು ಎನ್ನುತ್ತಾರೆ.

ಆರು ವರ್ಷ ಚೆನ್ನಾಗಿದ್ದರು. ಡ್ರಿಪ್ಪಿನಿಂದಲೋ, ಹಾಗೇ ಇರುತ್ತಿದ್ದರೋ, ಹೇಳಬಲ್ಲವರು ಯಾರೂ ಇಲ್ಲ. ಆ ಆರು ವರ್ಷದಲ್ಲಿ ಮಗಳು ಸ್ವಂತ ಅಂಗಡಿ ಇಟ್ಟಳು. ಮೊದಲ ಗಿರಾಕಿ ಅಪ್ಪನೇ ಆಗಬೇಕೆಂದು ಕುರ್ಚಿಯಲ್ಲಿ ಕೂರಿಸಿ, ಕಿವಿಯ ಹಿಂದೆ ಉಳಿದಿದ್ದ ನಾಲ್ಕು ಕೂದಲನ್ನು ಅರ್ಧ ಗಂಟೆ ಕತ್ತರಿಸಿದಳು. ಏಳನೇ ವರ್ಷ ಯಕೃತ್ತಿನಲ್ಲಿ ಕಾಣಿಸಿಕೊಂಡಿತು. ಈ ಸಲ ಕೈ ಮೀರಿತ್ತು.

ನಾನು ಕೆಲಸದಿಂದ ನಿವೃತ್ತಳಾಗಿದ್ದೆ. ದಿನ ಬಿಟ್ಟು ದಿನ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಅದೇ ಕಿಟಕಿ, ಅದರ ಹತ್ತಿರ ಮಂಚ. ಮೇಷ್ಟ್ರು ಹೆಚ್ಚು ಮಾತಾಡುತ್ತಿರಲಿಲ್ಲ. ಪತ್ರಿಕೆಯ ದಪ್ಪ ಅಕ್ಷರಗಳನ್ನು ನಾನು ಓದಿ ಹೇಳಿದರೆ, ತಪ್ಪು ಓದಿದಲ್ಲಿ ಹುಬ್ಬು ಎತ್ತುತ್ತಿದ್ದರು.

ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಯಿರಬೇಕು. ಅಪ್ಪನ ಉಗುರು ಬೆಳೆದಿದೆ, ನೆನೆಸಿ ಕತ್ತರಿಸುತ್ತೇನೆ ಎಂದು ಮಗಳು ಬೋಗುಣಿಯಲ್ಲಿ ಬಿಸಿನೀರು ತಂದು ಮಂಚದ ಅಂಚಿನಲ್ಲಿ ಇಟ್ಟಳು. ಅವರ ಬಲಗೈಯನ್ನು ನಾನು ಎತ್ತಿ ನೀರಿಗೆ ಬಿಟ್ಟೆ. ಅವರು ಉಂಗುರದ ಬೆರಳನ್ನು ಮೆಲ್ಲಗೆ ಚಾಚಿದರು. ಕಣ್ಣು ಮುಚ್ಚಿಕೊಂಡರು. ಒಂದು, ಎರಡು, ಮೂರು. ತುಟಿ ಅಲುಗುವುದು ನನಗೆ ಕಂಡಿತು. ಆಮೇಲೆ ಕಣ್ಣು ತೆರೆದು, ಪ್ರತಿ ಬೆಳಿಗ್ಗೆ ನೋಡುತ್ತಿದ್ದ ಹಾಗೇ ನನ್ನ ಕಡೆ ನೋಡಿ ಕೇಳಿದರು.

“ಅಕ್ಕ, ಹದವಾಗಿದೆಯಾ?”